ಗಾತ್ರದ ಕಾರಣಕ್ಕೆ ಮೇಲ್ ಮರಳಿ ಬಂದಾಗ: ಮೊದಲು ತಡೆದವರು ಯಾರೆಂದು ನೋಡಿ

ಗದಗಿನ ಒಂದು ಮುದ್ರಣಾಲಯದ ಮೇಲ್ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಪುಸ್ತಕದ ಒಳಪುಟ, ಮುಖಪುಟ, ಮದುವೆಯ ಕರೆಯೋಲೆ, ಶಾಲೆಯ ವಾರ್ಷಿಕ ಸಂಚಿಕೆ, ಎಲ್ಲವೂ ಅಲ್ಲಿಗೆ ಪಿಡಿಎಫ್ ಆಗಿ ಬರುತ್ತವೆ, ಕರಡು ತಿದ್ದಿಸಿಕೊಂಡು ಮರಳಿ ಹೋಗುತ್ತವೆ. ಒಂದು ದಿನ ಪುಟವಿನ್ಯಾಸ ಮಾಡುವ ಮೇಡಂ ಫೋನ್ ಮಾಡಿದರು. "ಸರ್, ಮಿತಿ 10 ಎಂಬಿ ಎಂದು ನೀವೇ ಹೇಳಿದ್ದೀರಿ. ನನ್ನ ಫೈಲ್ 9 ಎಂಬಿ ಇದೆ. ಯಾಕೆ ಹೋಗುತ್ತಿಲ್ಲ?"

ಅವರ ಪ್ರಶ್ನೆ ನ್ಯಾಯವಾದದ್ದು. ನಾನು ಹೇಳಿದ್ದೇ ತಪ್ಪಾಗಿತ್ತು. ಅದನ್ನು ಸರಿಪಡಿಸಲು ಹೋಗಿ ಅದೇ ಸಂಜೆ ಇಡೀ ಮುದ್ರಣಾಲಯಕ್ಕೆ ಮೇಲ್ ಬರುವುದೇ ನಿಂತುಹೋಯಿತು. ಆ ಎರಡೂ ದೋಷಗಳನ್ನು, ಆಮೇಲೆ ಬೇರೆ ಬೇರೆ ಸಂದರ್ಭಗಳಲ್ಲಿ ಕಂಡ ಇನ್ನಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಸರ್ವರ್ ಪೋಸ್ಟ್‌ಫಿಕ್ಸ್ (ಮೇಲ್ ಸ್ವೀಕರಿಸಿ ಸಾಗಿಸುವ ತಂತ್ರಾಂಶ) ಮತ್ತು ಡವ್‌ಕಾಟ್ (ಬಂದ ಮೇಲನ್ನು ಮೇಲ್‌ಬಾಕ್ಸಿನಲ್ಲಿಟ್ಟು ಓದಲು ಕೊಡುವ ತಂತ್ರಾಂಶ) ಜೋಡಿಯದು, ಡೆಬಿಯನ್ ಎಂಬ ಲಿನಕ್ಸ್ ಮೇಲೆ ನಡೆಯುತ್ತದೆ. ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಸರ್ವರ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಇಲ್ಲಿರುವ ಹಾಗೆಯೇ ಅಂಡರ್‌ಸ್ಕೋರ್ ಸಹಿತ ಬರೆಯಬೇಕು.

ಮೊದಲ ಕೆಲಸ: ಲಾಗ್ ತೆರೆಯುವುದು

ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆಯೇ ಲಾಗ್. ಗಾತ್ರದ ಮಿತಿ ಎಂಬುದು ಒಂದೇ ಕಡೆ ಕುಳಿತಿರುವುದಿಲ್ಲ. ಒಂದು ಮೇಲ್ ಹೊರಡುವ ಕಂಪ್ಯೂಟರಿನಿಂದ ತಲುಪುವ ಮೇಲ್‌ಬಾಕ್ಸಿನವರೆಗೆ ಐದಾರು ಬಾಗಿಲು ದಾಟುತ್ತದೆ. ವೆಬ್‌ಮೇಲ್ ಆದರೆ ವೆಬ್ ಸರ್ವರ್ ಮತ್ತು ವೆಬ್‌ಮೇಲ್ ಪುಟಗಳನ್ನು ನಡೆಸುವ ಪಿಎಚ್‌ಪಿ, ಆಮೇಲೆ ಪೋಸ್ಟ್‌ಫಿಕ್ಸ್, ವೈರಸ್ ತಪಾಸಣೆ, ಡವ್‌ಕಾಟ್‌ನ ಕೋಟಾ (ಒಬ್ಬೊಬ್ಬರ ಮೇಲ್‌ಗೆ ಕೊಟ್ಟಿರುವ ಒಟ್ಟು ಜಾಗ), ಹೊರಗೆ ಹೋಗುವುದಾದರೆ ಆ ಕಡೆಯ ಸರ್ವರ್. ಪ್ರತಿ ಬಾಗಿಲಿಗೂ ಅದರದೇ ಅಳತೆ. ಯಾವ ಬಾಗಿಲಲ್ಲಿ ತಡೆಯಾಯಿತು ಎಂದು ತಿಳಿಯದೆ ಯಾವ ಸಂಖ್ಯೆಯನ್ನೂ ಮುಟ್ಟಬಾರದು. ನಾನು ಕಂಡಿರುವ ಹಾಳಾದ ಸರ್ವರ್‌ಗಳಲ್ಲಿ ಹೆಚ್ಚಿನವು, ಒಬ್ಬರಾದ ಮೇಲೆ ಒಬ್ಬರು ಬಂದು ಎಲ್ಲ ಮಿತಿಗಳನ್ನೂ ಕುರುಡಾಗಿ ಏರಿಸಿದ್ದರಿಂದ ಹಾಳಾದವು.

ಬಾಗಿಲು ಯಾವುದೆಂದು ಹೇಳುವುದು ಉತ್ತರದ ಸಂಕೇತ. ಮೂರಂಕಿಯ ಸಂಕೇತಕ್ಕಿಂತ ಅದರ ಪಕ್ಕದ ಚುಕ್ಕೆಯ ಸಂಕೇತ ಹೆಚ್ಚು ಹೇಳುತ್ತದೆ. 552 ಎಂದು ಮಾತ್ರ ಓದಿ ನಿಲ್ಲಿಸಿದರೆ ಅರ್ಧ ವಿಷಯ ಕೈತಪ್ಪುತ್ತದೆ. 552ರ ಪಕ್ಕ 5.3.4 ಇದ್ದರೆ ಆ ಒಂದು ಮೇಲ್ ಸರ್ವರಿನ ಮಿತಿಗಿಂತ ದೊಡ್ಡದು. ಅದೇ 552ರ ಪಕ್ಕ 5.2.2 ಇದ್ದರೆ ಮೇಲ್ ಚಿಕ್ಕದೇ ಇರಬಹುದು, ಪಡೆಯುವವರ ಮೇಲ್‌ಬಾಕ್ಸ್ ತುಂಬಿದೆ. 452 4.3.1 ಬಂದರೆ ಸರ್ವರಿನ ಡಿಸ್ಕಿನಲ್ಲಿ ಜಾಗವಿಲ್ಲ. 4ರಿಂದ ಶುರುವಾಗುವುದೆಲ್ಲ ತಾತ್ಕಾಲಿಕ, ಕಳಿಸಿದ ಸರ್ವರ್ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಮೇಲ್ ಕಳಿಸಿದವರಿಗೇ ಮರಳುತ್ತದೆ. 413 ಎಂಬುದು ಕಂಡರೆ ಮೇಲ್ ಸರ್ವರ್ ತನಕ ಮಾತೇ ಬಂದಿಲ್ಲ, ಅದು ವೆಬ್ ಸರ್ವರ್ ಹೇಳಿದ್ದು.

ಲಾಗ್‌ನಲ್ಲಿ ಏನೂ ಇಲ್ಲದಿರುವುದು ಕೂಡ ಒಂದು ಸುಳಿವು. ಆ ದಿನ ಮೇಡಂ ಅವರ ಮೇಲ್ ತಡೆಯಲಾದ ಗುರುತು ನನ್ನ ಲಾಗ್‌ನಲ್ಲಿ ಎಲ್ಲೂ ಇರಲಿಲ್ಲ. ಸಂಪರ್ಕ ಬಂತು, ಹೋಯಿತು, ಅಷ್ಟೆ. ಕಾರಣ ಹೀಗಿದೆ: ಮೇಲ್ ತಂತ್ರಾಂಶ ಇಎಚ್‌ಎಲ್‌ಒ ಎಂದು ನಮಸ್ಕಾರ ಹೇಳಿದ ಕೂಡಲೇ ಸರ್ವರ್ ತನ್ನ ಸಾಮರ್ಥ್ಯಗಳ ಪಟ್ಟಿ ಕೊಡುತ್ತದೆ. ಅದರಲ್ಲಿ "250-ಸೈಜ್ 10240000" ಎಂಬ ಸಾಲೂ ಒಂದು. 1995ರ ಆರ್‌ಎಫ್‌ಸಿ 1870 ಎಂಬ ಇಂಟರ್‌ನೆಟ್ ನಿಯಮ ದಾಖಲೆ ವಿವರಿಸುವ ಏರ್ಪಾಡು ಇದು. ಮೇಡಂ ಬಳಸುವ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಆ ಸಂಖ್ಯೆಯನ್ನು ತನ್ನ ಕೈಯಲ್ಲಿರುವ ಮೇಲ್‌ನ ಗಾತ್ರದ ಜತೆ ಹೋಲಿಸಿ, ಮೀರಿದ್ದರೆ ತಾನೇ ನಿಲ್ಲಿಸಿ ಪರದೆಯ ಮೇಲೆ ಎಚ್ಚರಿಕೆ ತೋರಿಸುತ್ತದೆ. ಸರ್ವರ್ ತಡೆಯಬೇಕಾದ ಪ್ರಮೇಯವೇ ಬರುವುದಿಲ್ಲ. ಆದ್ದರಿಂದ ಫೋನ್ ಮಾಡಿದವರಿಗೆ ನನ್ನ ಮೊದಲ ವಿನಂತಿ ಯಾವಾಗಲೂ ಒಂದೇ: ಪರದೆಯ ಮೇಲೆ ಬಂದ ಸಾಲನ್ನು ಅಕ್ಷರಶಃ ಓದಿ ಹೇಳಿ, ಅಥವಾ ಫೋಟೋ ತೆಗೆದು ಕಳಿಸಿ. "ಏನೋ ಸೈಜ್ ಎಂದು ಬಂತು" ಎಂಬುದರಿಂದ ದೋಷ ಪತ್ತೆಯಾಗುವುದಿಲ್ಲ.

9 ಎಂಬಿ ಹೇಗೆ 12 ಎಂಬಿ ಮೀರುತ್ತದೆ

ಮೇಲ್ ವ್ಯವಸ್ಥೆ ಹುಟ್ಟಿದ್ದು ಅಕ್ಷರಗಳಿಗಾಗಿ. ಪಿಡಿಎಫ್ ಅಥವಾ ಚಿತ್ರವನ್ನು ಅದು ಹಾಗೆಯೇ ಹೊರುವುದಿಲ್ಲ, ಬೇಸ್64 ಎಂಬ ಕ್ರಮದಲ್ಲಿ ಅಕ್ಷರಗಳಾಗಿ ಮಾರ್ಪಡಿಸುತ್ತದೆ. ಪ್ರತಿ 3 ಬೈಟ್‌ಗೆ 4 ಅಕ್ಷರ. ಅದರ ಮೇಲೆ, 76 ಅಕ್ಷರಕ್ಕೊಂದು ಸಾಲು ಮುರಿದು ಸಾಲಿನ ಕೊನೆಗೆ 2 ಬೈಟ್ ಸೇರಿಸುತ್ತದೆ. ಅಂದರೆ ಮೂಲದ 57 ಬೈಟ್ ತಂತಿಯ ಮೇಲೆ 78 ಬೈಟ್ ಆಗುತ್ತದೆ. ಸುಮಾರು ಶೇ 37ರಷ್ಟು ಹೆಚ್ಚಳ.

ಮೇಡಂ ಅವರ 9 ಎಂಬಿ ಫೈಲ್ ಎಂದರೆ 94,37,184 ಬೈಟ್. ಅದನ್ನು 78ರಿಂದ ಗುಣಿಸಿ 57ರಿಂದ ಭಾಗಿಸಿದರೆ 1,29,14,041. ಪೋಸ್ಟ್‌ಫಿಕ್ಸ್‌ನ ಮೆಸೇಜ್_ಸೈಜ್_ಲಿಮಿಟ್ ಯಾರೂ ಮುಟ್ಟದಿದ್ದರೆ 1,02,40,000 ಬೈಟ್ ಇರುತ್ತದೆ. ಈ ಮಿತಿಯೊಳಗೆ ಹಿಡಿಸುವ ಮೂಲ ಫೈಲ್ ಹೆಚ್ಚೆಂದರೆ 7 ಎಂಬಿಗಿಂತ ಕೊಂಚ ಮೇಲೆ. ನಾನು "10 ಎಂಬಿ" ಎಂದು ಹೇಳಿದ್ದರ ತಪ್ಪು ಇಲ್ಲಿದೆ. ಸರ್ವರ್ ತೂಗುವುದು ಕಟ್ಟಿದ ಪೊಟ್ಟಣವನ್ನು. ಜನ ನೋಡುವುದು ಒಳಗಿನ ಸಾಮಾನನ್ನು.

ಈ ಲೆಕ್ಕವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿದ್ದು ಒಂದು ಸಂಖ್ಯೆ. ಜಿಮೇಲ್‌ನ ಕಳಿಸುವ ಸರ್ವರಿಗೆ ಇಎಚ್‌ಎಲ್‌ಒ ಹೇಳಿದಾಗ ಅದು ಕೊಟ್ಟ ಉತ್ತರ "ಸೈಜ್ 35882577". ವಿಚಿತ್ರವಾದ ಸಂಖ್ಯೆ ಎನಿಸಿತು. ಜಿಮೇಲ್ ಬಳಕೆದಾರರಿಗೆ ಹೇಳುವ ಲಗತ್ತಿನ ಮಿತಿ 25 ಎಂಬಿ, ಅಂದರೆ 2,62,14,400 ಬೈಟ್. ಅದನ್ನು 78ರಿಂದ ಗುಣಿಸಿ 57ರಿಂದ ಭಾಗಿಸಿ, ಬಂದದ್ದಕ್ಕೆ 10,240 ಸೇರಿಸಿ ನೋಡಿ. ಕೊನೆಯ ಅಂಕಿಯವರೆಗೂ ಹೊಂದುತ್ತದೆ. ಮಿತಿ ಇಡುವ ಸರಿಯಾದ ಕ್ರಮ ಇದೇ: ಜನರಿಗೆ ಕೊಡುವ ಮಾತು ಮೊದಲು, ಅದರಿಂದ ಸರ್ವರಿನ ಸಂಖ್ಯೆ ಆಮೇಲೆ. ನಾನು ಉಲ್ಟಾ ಮಾಡಿದ್ದೆ.

ಮಿತಿ ಏರಿಸಿದೆ, ಮೇಲ್ ನಿಂತಿತು

ಆ ಮಧ್ಯಾಹ್ನ ಉದಾರವಾಗಿ 50 ಎಂಬಿ ಇಟ್ಟುಬಿಡೋಣ ಎಂದು ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್‌ಗಳಿರುವ ಮೇನ್.ಸಿಎಫ್ ಕಡತದಲ್ಲಿ ಮೆಸೇಜ್_ಸೈಜ್_ಲಿಮಿಟ್ ಅನ್ನು 52428800 ಮಾಡಿದೆ. ಪೋಸ್ಟ್‌ಫಿಕ್ಸ್ ರೀಲೋಡ್ ಆಯಿತು. ಮೇಡಂ ಫೈಲ್ ಕಳಿಸಿದರು, ಹೋಯಿತು, ಧನ್ಯವಾದ ಹೇಳಿದರು. ಸಂಜೆ ಐದಕ್ಕೆ ಮಾಲೀಕರ ಫೋನ್: ಮಧ್ಯಾಹ್ನದಿಂದ ಒಂದು ಮೇಲ್ ಕೂಡ ಬಂದಿಲ್ಲ.

ಲಾಗ್‌ನಲ್ಲಿ ಕಂಡದ್ದು ಇದು: "ಫೇಟಲ್: ಮೇನ್.ಸಿಎಫ್ ಕಾನ್ಫಿಗರೇಶನ್ ಎರರ್: ವರ್ಚುವಲ್_ಮೇಲ್‌ಬಾಕ್ಸ್_ಲಿಮಿಟ್ ಈಸ್ ಸ್ಮಾಲರ್ ದ್ಯಾನ್ ಮೆಸೇಜ್_ಸೈಜ್_ಲಿಮಿಟ್". ಅದರ ಹಿಂದೆಯೇ ಮಾಸ್ಟರ್ ಪ್ರಕ್ರಿಯೆಯ ಎಚ್ಚರಿಕೆ, ವರ್ಚುವಲ್ ಪ್ರಕ್ರಿಯೆ ಎದ್ದ ಕೂಡಲೇ ಸಾಯುತ್ತಿದೆ ಎಂದು. ಬಂದ ಪ್ರತಿ ಮೇಲ್‌ನ ಮುಂದೆ "ಡಿಫರ್ಡ್, ಅನ್‌ನೋನ್ ಮೇಲ್ ಟ್ರಾನ್ಸ್‌ಪೋರ್ಟ್ ಎರರ್".

ಆಗಿದ್ದು ಇಷ್ಟು. ಒಂದು ಮೇಲ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಗಿಂತ, ಆ ಮೇಲನ್ನು ಬರೆದಿಡುವ ಮೇಲ್‌ಬಾಕ್ಸಿನ ಮಿತಿ ಚಿಕ್ಕದಿದ್ದರೆ ಪೋಸ್ಟ್‌ಫಿಕ್ಸ್‌ನ ತಲುಪಿಸುವ ಪ್ರಕ್ರಿಯೆ ಕೆಲಸ ಮಾಡಲು ಒಪ್ಪುವುದಿಲ್ಲ. ಮೇಲ್‌ಬಾಕ್ಸಿನ ಮಿತಿಗಳು ಎರಡು: ಸರ್ವರಿನ ಸ್ವಂತ ಬಳಕೆದಾರರಿಗೆ ಮೇಲ್‌ಬಾಕ್ಸ್_ಸೈಜ್_ಲಿಮಿಟ್, ವರ್ಚುವಲ್ ಬಳಕೆದಾರರಿಗೆ (ಸರ್ವರಿನಲ್ಲಿ ಖಾತೆಯಿಲ್ಲದೆ ಮೇಲ್ ವಿಳಾಸ ಮಾತ್ರ ಇರುವವರಿಗೆ) ವರ್ಚುವಲ್_ಮೇಲ್‌ಬಾಕ್ಸ್_ಲಿಮಿಟ್. ಎರಡರ ಮೂಲ ಬೆಲೆಯೂ (ಯಾರೂ ಮುಟ್ಟದಿದ್ದರೆ ಇರುವ ಸಂಖ್ಯೆ) 5,12,00,000 ಬೈಟ್. ನಾನು ಬರೆದ 50 ಎಂಬಿ ಎಂದರೆ 5,24,28,800. ವ್ಯತ್ಯಾಸ ಬರೀ 12,28,800 ಬೈಟ್. ಜನ ಮೊದಲು ಯೋಚಿಸುವ ಗುಂಡು ಸಂಖ್ಯೆಯೇ ಈ ಗುಂಡಿಗೆ ಬೀಳಿಸುತ್ತದೆ.

ನನಗೆ ಮೋಸವಾದದ್ದು ಇನ್ನೊಂದು ಕಾರಣಕ್ಕೆ. ಡೆಬಿಯನ್ ಕೊಡುವ ಮೇನ್.ಸಿಎಫ್‌ನಲ್ಲಿ ಮೇಲ್‌ಬಾಕ್ಸ್_ಸೈಜ್_ಲಿಮಿಟ್ ಆಗಲೇ 0 ಇರುತ್ತದೆ. 0 ಎಂದರೆ ಮಿತಿಯಿಲ್ಲ. ಅದನ್ನು ನೋಡಿ ಧೈರ್ಯ ಮಾಡಿದೆ. ವರ್ಚುವಲ್‌ನದು ಕಡತದಲ್ಲಿ ಬರೆದೇ ಇರಲಿಲ್ಲ, ಆದ್ದರಿಂದ ಅದರ ಮೂಲ ಬೆಲೆ ಸದ್ದಿಲ್ಲದೆ ಜಾರಿಯಲ್ಲಿತ್ತು. ಬರೆಯದೇ ಇರುವುದನ್ನೂ ತೋರಿಸುವ ಆದೇಶ ಪೋಸ್ಟ್‌ಕಾನ್ಫ್. ಅದರ ಮುಂದೆ ಮೂರೂ ಹೆಸರು ಬರೆದು ಕೇಳಿದರೆ ಈ ಕ್ಷಣ ಜಾರಿಯಲ್ಲಿರುವ ಮೂರೂ ಸಂಖ್ಯೆ ಕಾಣುತ್ತವೆ. ಬದಲಾವಣೆಗೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ ಇದನ್ನು ಓಡಿಸುವುದು ಈಗ ನನ್ನ ಅಭ್ಯಾಸ.

ವರ್ಚುವಲ್‌ನ ಮಿತಿಯನ್ನು 0 ಮಾಡಿ, ರೀಲೋಡ್ ಮಾಡಿ, ಪೋಸ್ಟ್‌ಕ್ಯೂ ಮೈನಸ್ ಎಫ್ ಎಂದು ಕ್ಯೂವನ್ನು, ಅಂದರೆ ಕಾಯುತ್ತಿದ್ದ ಮೇಲ್‌ಗಳ ಸಾಲನ್ನು, ಹರಿಯಬಿಟ್ಟೆ. ನಿಂತಿದ್ದ ಮೇಲ್ ಎಲ್ಲವೂ ಬಂದವು, ಒಂದೂ ಕಳೆಯಲಿಲ್ಲ. ಮೇಲ್‌ಬಾಕ್ಸಿಗೆ ತಲುಪಿಸುವ ಕೆಲಸವನ್ನು ಡವ್‌ಕಾಟ್‌ನ ಎಲ್‌ಎಂಟಿಪಿ ಎಂಬ ಸೇವೆಗೆ ಒಪ್ಪಿಸಿದ್ದರೆ ಈ ಎರಡು ಮಿತಿಗಳು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ನಾನೂ ಹಾಗೆಯೇ ಬದಲಾಯಿಸಿದೆ.

ಮೇಲ್‌ಬಾಕ್ಸ್_ಸೈಜ್_ಲಿಮಿಟ್ ಎಂಬ ಹೆಸರು ಅನೇಕರನ್ನು ದಾರಿ ತಪ್ಪಿಸುತ್ತದೆ. ಅದು ಒಬ್ಬ ಬಳಕೆದಾರನ ಒಟ್ಟು ಮೇಲ್‌ಗೆ ಹಾಕಿದ ಮಿತಿ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಬರೆಯುವ ಒಂದು ಕಡತದ ಮಿತಿ. ಎಂಬಾಕ್ಸ್ ಪದ್ಧತಿಯಲ್ಲಿ ಒಬ್ಬರ ಎಲ್ಲ ಮೇಲ್ ಒಂದೇ ಕಡತದಲ್ಲಿ ಇರುವುದರಿಂದ ಅದು ಒಟ್ಟು ಮಿತಿಯಾಗಿ ಪರಿಣಮಿಸುತ್ತದೆ. 5,12,00,000 ಬೈಟ್ ಮುಟ್ಟಿದಾಗ "ಫೈಲ್ ಟೂ ಲಾರ್ಜ್" ಎಂದು ಮೇಲ್ ಮರಳತೊಡಗುತ್ತದೆ. ಮೇಲ್‌ಡಿರ್ ಪದ್ಧತಿಯಲ್ಲಿ ಪ್ರತಿ ಮೇಲ್‌ಗೂ ಪ್ರತ್ಯೇಕ ಕಡತ, ಹಾಗಾಗಿ ಅಲ್ಲಿ ಅದು ಒಟ್ಟು ಗಾತ್ರವನ್ನು ತಡೆಯುವುದೇ ಇಲ್ಲ. ಒಟ್ಟು ಗಾತ್ರ ತಡೆಯಬೇಕೆಂದರೆ ಡವ್‌ಕಾಟ್‌ನ ಕೋಟಾ ಬೇಕು.

ಬರೆಯುವ ಕೈತಪ್ಪುಗಳು ಮೂರು. 50ಎಂ ಎಂದು ಅಕ್ಷರ ಸೇರಿಸಿದರೆ ಪೋಸ್ಟ್‌ಫಿಕ್ಸ್‌ಗೆ ಅರ್ಥವಾಗುವುದಿಲ್ಲ, ಬೈಟ್‌ಗಳಲ್ಲೇ ಬರೆಯಬೇಕು. ಸಂಖ್ಯೆಯ ಮುಂದೆ ಅದೇ ಸಾಲಿನಲ್ಲಿ ಟಿಪ್ಪಣಿ ಬರೆಯಬಾರದು. ಟಿಪ್ಪಣಿಗೆ ಬೇರೆಯೇ ಸಾಲು ಬೇಕು. ಈ ಎರಡಕ್ಕೂ "ಬ್ಯಾಡ್ ನ್ಯೂಮರಿಕಲ್ ಕಾನ್ಫಿಗರೇಶನ್" ಎಂಬ ಉತ್ತರ ಬರುತ್ತದೆ. ಮೂರನೆಯದು ಹೆಚ್ಚು ಕಾಡುವಂಥದ್ದು: ಕಡತದ ಮೇಲ್ಭಾಗದಲ್ಲಿ ನೀವು ಸಂಖ್ಯೆ ಬದಲಾಯಿಸಿದ್ದೀರಿ, ಕೆಳಗೆಲ್ಲೋ ಹಿಂದಿನವರು ಅದೇ ಹೆಸರನ್ನು ಹಳೆಯ ಬೆಲೆಯೊಂದಿಗೆ ಬರೆದಿಟ್ಟಿದ್ದಾರೆ. ಕೊನೆಯಲ್ಲಿ ಬಂದದ್ದೇ ಗೆಲ್ಲುತ್ತದೆ. ಪೋಸ್ಟ್‌ಫಿಕ್ಸ್‌ನ ಇನ್ನೊಂದು ಕಡತವಾದ ಮಾಸ್ಟರ್.ಸಿಎಫ್‌ನಲ್ಲಿ ಮೈನಸ್ ಒ ಎಂದು ಯಾರಾದರೂ ಪ್ರತ್ಯೇಕ ಮಿತಿ ಕೊಟ್ಟಿದ್ದಾರೆಯೇ ಎಂದೂ ನೋಡಿ.

ಚಿಕ್ಕ ಮೇಲ್ ಕೂಡ ಬರದಿದ್ದರೆ

ಮಿತಿ ಏರಿಸಿದ ಕೆಲವು ವಾರಗಳ ನಂತರ ಬರುವ ದೋಷ ಇದು. ಎರಡು ಸಾಲಿನ ಮೇಲ್‌ಗೂ 452 4.3.1, ಜಾಗ ಸಾಲದು ಎಂಬ ಉತ್ತರ. ಡಿಸ್ಕ್ ನೋಡಿದರೆ ಇನ್ನೂ 200 ಎಂಬಿ ಖಾಲಿ ಇದೆ. ಹಾಗಾದರೆ ಯಾಕೆ?

ಕ್ಯೂ ಇರುವ ಡಿಸ್ಕ್ ಭಾಗದಲ್ಲಿ ಮೆಸೇಜ್_ಸೈಜ್_ಲಿಮಿಟ್‌ನ ಒಂದೂವರೆ ಪಟ್ಟು ಜಾಗ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಯಾವ ಮೇಲನ್ನೂ ಒಳಗೆ ಬಿಡುವುದಿಲ್ಲ. ಬರುವ ಮೇಲ್ ಚಿಕ್ಕದೇ ಎಂದು ಅದು ನೋಡುವುದಿಲ್ಲ. ಮಿತಿ 50 ಎಂಬಿ ಇದ್ದರೆ 75 ಎಂಬಿ ಖಾಲಿ ಇರಬೇಕು; ಯಾರೋ 200 ಎಂಬಿ ಎಂದು ಬರೆದಿದ್ದರೆ 300 ಎಂಬಿ. ಕಡಿಮೆ ದರದ ಬಾಡಿಗೆ ಸರ್ವರ್‌ಗಳಲ್ಲಿ ಲಾಗ್ ಕಡತಗಳೇ ಬೆಳೆದು ಈ ಹಂತ ಮುಟ್ಟಿಸುತ್ತವೆ. ಲಾಗ್‌ನಲ್ಲಿ "ನಾಟ್ ಎನಫ್ ಫ್ರೀ ಸ್ಪೇಸ್ ಇನ್ ಮೇಲ್ ಕ್ಯೂ" ಎಂಬ ಎಚ್ಚರಿಕೆ ಹುಡುಕಿ. ಜಾಗ ತೆರವು ಮಾಡುವುದೇ ಪರಿಹಾರ. ತಾತ್ಕಾಲಿಕ ಸಂಕೇತವಾದ್ದರಿಂದ ಹೊರಗಿನ ಸರ್ವರ್‌ಗಳು ಮತ್ತೆ ಪ್ರಯತ್ನಿಸುತ್ತವೆ, ಗಾಬರಿ ಬೇಡ.

ಕೋಟಾ: ತುಂಬಿದೆ ಎನ್ನುತ್ತದೆ, ಅಳಿಸಿದ್ದೇನೆ ಎನ್ನುತ್ತಾರೆ

ಡವ್‌ಕಾಟ್‌ನ ಡವ್‌ಅಡ್ಮ್ ಕೋಟಾ ಗೆಟ್ ಆದೇಶಕ್ಕೆ ಬಳಕೆದಾರರ ಹೆಸರು ಕೊಟ್ಟರೆ ಬಳಸಿದ್ದೆಷ್ಟು, ಮಿತಿ ಎಷ್ಟು ಎಂದು ಕಿಲೋಬೈಟ್‌ಗಳಲ್ಲಿ ಹೇಳುತ್ತದೆ. 1048576 ಎಂದಿದ್ದರೆ ಅದು 1 ಜಿಬಿ. ಬಳಕೆದಾರರು "ಎಲ್ಲಾ ಅಳಿಸಿದ್ದೇನೆ" ಎಂದರೆ ಅನುಮಾನ ಪಡಬೇಡಿ, ಅವರು ಅಳಿಸಿರುತ್ತಾರೆ. ಆದರೆ ಅಳಿಸಿದ್ದೆಲ್ಲ ಟ್ರ್ಯಾಶ್ ಫೋಲ್ಡರಿಗೆ ಹೋಗಿ ಕುಳಿತಿರುತ್ತದೆ, ಅದೂ ಕೋಟಾದ ಲೆಕ್ಕಕ್ಕೆ ಸೇರುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ದಾಟಿದ್ದನ್ನು ತಾನಾಗಿಯೇ ತೆಗೆಯುವ ವ್ಯವಸ್ಥೆ ಮಾಡಿದರೆ ಈ ಕರೆಗಳು ಅರ್ಧಕ್ಕಿಳಿಯುತ್ತವೆ. ಹಿಂದಿನ ನಿರ್ವಾಹಕರು ಡಿಸ್ಕಿನ ಮೇಲಿಂದ ನೇರವಾಗಿ ಕಡತಗಳನ್ನು ಅಳಿಸಿದ್ದರೆ ಕೋಟಾದ ಲೆಕ್ಕ ಹಳೆಯದಾಗಿಯೇ ಉಳಿದಿರಬಹುದು. ಆಗ ಡವ್‌ಅಡ್ಮ್ ಕೋಟಾ ರೀಕ್ಯಾಲ್ಕ್ ಓಡಿಸಿ.

ಇಲ್ಲಿ ಒಂದು ವಿಚಿತ್ರ ಲಕ್ಷಣವಿದೆ, ಹೇಳಲೇಬೇಕು. ಹೊರಗಿನಿಂದ ಮೇಲ್ ಬರುತ್ತಲೇ ಇದೆ, ಆದರೆ ಕಳಿಸಿದಾಗ ತಪ್ಪು ತೋರಿಸುತ್ತದೆ. ಬರುವ ಕೊನೆಯ ಮೇಲ್‌ಗೆ ಡವ್‌ಕಾಟ್ ಮಿತಿಯ ಮೇಲೆ ಸ್ವಲ್ಪ ಸಡಿಲ ಕೊಡುತ್ತದೆ. ಕಳಿಸಿದ್ದರ ಪ್ರತಿಯನ್ನು ಸೆಂಟ್ ಫೋಲ್ಡರಿನಲ್ಲಿ ಇಡುವಾಗ ಆ ಸಡಿಲವಿಲ್ಲ. ಮೇಲ್ ಹೋಗಿರುತ್ತದೆ, ಪ್ರತಿ ಉಳಿಯುವುದಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಕಂಡ ಬಳಕೆದಾರರು ಹೋಗಲಿಲ್ಲ ಎಂದುಕೊಂಡು ಮತ್ತೆ ಕಳಿಸುತ್ತಾರೆ. ಮುದ್ರಣಾಲಯದ ಲೆಕ್ಕಿಗರೊಬ್ಬರು ಹೀಗೆ ಒಂದೇ ಬಿಲ್ಲನ್ನು ಒಬ್ಬ ಗ್ರಾಹಕರಿಗೆ ನಾಲ್ಕು ಸಲ ಕಳಿಸಿದ್ದರು. ಗ್ರಾಹಕರು ನೊಂದುಕೊಂಡಿದ್ದರು, ನಾಲ್ಕು ಸಲ ತಗಾದೆ ಮಾಡಿದರೆಂದು. ಹೊರಹೋಗುವ ಲಾಗ್‌ನಲ್ಲಿ "ಸೆಂಟ್" ಎಂದು ನಾಲ್ಕು ಸಾಲು ಇದ್ದವು. ಅದನ್ನು ತೋರಿಸಿದ ಮೇಲೆಯೇ ಇಬ್ಬರಿಗೂ ಸಮಾಧಾನವಾದದ್ದು.

ಕೋಟಾ ಹಾಕಿದವರು ಇನ್ನೊಂದು ಕೆಲಸ ಮಾಡಲೇಬೇಕು. ಡವ್‌ಕಾಟ್‌ನ ಕೋಟಾ ಸ್ಟೇಟಸ್ ಸೇವೆಯನ್ನು ಪೋಸ್ಟ್‌ಫಿಕ್ಸ್‌ಗೆ ಜೋಡಿಸಿ, ತುಂಬಿದ ಮೇಲ್‌ಬಾಕ್ಸಿಗೆ ಬಂದದ್ದನ್ನು ಬಾಗಿಲಲ್ಲೇ ತಡೆಯುವಂತೆ ಮಾಡಬೇಕು. ಜೋಡಿಸದಿದ್ದರೆ ಪೋಸ್ಟ್‌ಫಿಕ್ಸ್ ಮೊದಲು ಒಪ್ಪಿಕೊಂಡು, ಆಮೇಲೆ ಡವ್‌ಕಾಟ್ ನಿರಾಕರಿಸಿದಾಗ, ಕಳಿಸಿದವರೆಂದು ಬರೆದಿರುವ ವಿಳಾಸಕ್ಕೆ ಬೌನ್ಸ್ (ತಲುಪಲಿಲ್ಲ ಎಂಬ ಮೇಲ್) ಕಳಿಸುತ್ತದೆ. ಸ್ಪಾಮ್ ಮೇಲ್‌ಗಳಲ್ಲಿ ಆ ವಿಳಾಸ ಸುಳ್ಳು. ಏನೂ ಕಳಿಸದ ಯಾರಿಗೋ ನಮ್ಮ ಸರ್ವರಿನಿಂದ ಕಸ ಹೋಗುತ್ತದೆ. ಹೊರಗಿನ ಮೇಲ್ ಸ್ವೀಕರಿಸಲು ನೆರವಿನ ಎರಡನೆಯ ಸರ್ವರ್ (ಎಂಎಕ್ಸ್) ಇದ್ದು ಅದರ ಗಾತ್ರದ ಮಿತಿ ಮುಖ್ಯ ಸರ್ವರಿಗಿಂತ ಹೆಚ್ಚಿದ್ದರೂ ಇದೇ ಫಲ.

ಉಳಿದ ಬಾಗಿಲುಗಳು

ವೆಬ್‌ಮೇಲ್‌ನಲ್ಲಿ ಮಾತ್ರ ತೊಂದರೆ, ಥಂಡರ್‌ಬರ್ಡ್‌ನಲ್ಲಿ ಇಲ್ಲ ಎಂದರೆ ಮೇಲ್ ಸರ್ವರನ್ನು ಮುಟ್ಟಬೇಡಿ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಮೂಲದಲ್ಲಿ ಬರೀ 1 ಎಂಬಿ. ಪಿಎಚ್‌ಪಿಯ ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ 2 ಎಂಬಿ, ಪೋಸ್ಟ್_ಮ್ಯಾಕ್ಸ್_ಸೈಜ್ 8 ಎಂಬಿ. ಮೂರನ್ನೂ ಒಟ್ಟಿಗೆ ಏರಿಸಬೇಕು. ಮೂರರಲ್ಲಿ ಚಿಕ್ಕದು ಯಾವುದೋ ಅದೇ ನಿಜವಾದ ಮಿತಿ. ಇಲ್ಲಿ ಬೇಸ್64 ಲೆಕ್ಕ ಬೇಡ, ಬ್ರೌಸರ್ ಫೈಲನ್ನು ಹಾಗೆಯೇ ಕಳಿಸುತ್ತದೆ.

ವೈರಸ್ ತಪಾಸಣೆಗೆ ಕ್ಲ್ಯಾಮ್‌ಎವಿ ಇದ್ದರೆ ಅದರ ಸ್ಟ್ರೀಮ್‌ಮ್ಯಾಕ್ಸ್‌ಲೆಂಗ್ತ್ (ಇದರಲ್ಲಿ ಮಾತ್ರ ಮೂರೂ ಪದಗಳ ಮೊದಲಕ್ಷರ ದೊಡ್ಡದು) ನಿಮ್ಮ ಹೊಸ ಮಿತಿಗಿಂತ ಹೆಚ್ಚಿದೆಯೇ ನೋಡಿ. ಅದರ ಲಾಗ್‌ನಲ್ಲಿ "ಇನ್‌ಸ್ಟ್ರೀಮ್" ಎಂಬ ಪದದ ಜತೆ ಗಾತ್ರದ ದೂರು ಕಾಣುತ್ತದೆ.

ಹೊರಗೆ ಹೋಗುವ ಮೇಲ್ ಮರಳಿ ಬಂದು, ಅದರಲ್ಲಿ ಇಂಥ ಸರ್ವರಿನ ಮಿತಿಯನ್ನು ಮೀರಿದೆ ಎಂದು ಬೇರೆಯವರ ಸರ್ವರಿನ ಹೆಸರಿದ್ದರೆ ನಮ್ಮ ಕಡೆ ಮಾಡುವಂಥದ್ದು ಏನೂ ಇಲ್ಲ. ಗ್ರಾಹಕರಿಗೆ ಕೊಂಡಿ ಕಳಿಸಿ.

ಇನ್ನೊಂದು ದೋಷ ಗಾತ್ರದ ಮಿತಿಯ ವೇಷ ಹಾಕಿಕೊಂಡು ಬರುತ್ತದೆ. ಚಿಕ್ಕ ಮೇಲ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ, ಆದರೆ 552 ಎಲ್ಲೂ ಇಲ್ಲ. ಲಾಗ್‌ನಲ್ಲಿ "ಟೈಮ್‌ಔಟ್ ಆಫ್ಟರ್ ಡೇಟಾ" ಅಥವಾ "ಲಾಸ್ಟ್ ಕನೆಕ್ಷನ್ ಆಫ್ಟರ್ ಡೇಟಾ" ಎಂದಿರುತ್ತದೆ, ಆವರಣದಲ್ಲಿ ಎಷ್ಟು ಬೈಟ್ ಬಂತೆಂಬ ಸಂಖ್ಯೆ. ಇದು ದಾರಿಯ ತೊಂದರೆ. ಪ್ರತಿ ಸಲವೂ ಕೆಲವೇ ಸಾವಿರ ಬೈಟ್‌ಗಳಿಗೆ ನಿಲ್ಲುತ್ತಿದ್ದರೆ ಫೈರ್‌ವಾಲ್ ಅಥವಾ ವಿಪಿಎನ್‌ನ ಎಂಟಿಯು (ಒಂದು ಸಲಕ್ಕೆ ಸಾಗಿಸಬಹುದಾದ ಪ್ಯಾಕೆಟ್‌ನ ಗಾತ್ರ) ಪರೀಕ್ಷಿಸಿ. ಒಮ್ಮೆ 4 ಎಂಬಿಗೆ, ಒಮ್ಮೆ 11 ಎಂಬಿಗೆ ನಿಂತರೆ ಕಳಿಸುವವರ ಇಂಟರ್‌ನೆಟ್ ಸಂಪರ್ಕ ನಿಧಾನವಿರಬಹುದು. ಮಿತಿ ಎಷ್ಟು ಏರಿಸಿದರೂ ಇದು ಹೋಗುವುದಿಲ್ಲ.

ಈಗ ಅಲ್ಲಿ ಇಟ್ಟಿರುವ ಸಂಖ್ಯೆಗಳು

50 ಎಂಬಿಯನ್ನು ಕೆಲವು ದಿನಗಳಲ್ಲೇ ಇಳಿಸಿದೆ. 20 ಎಂಬಿಯ ಮುಖಪುಟವನ್ನು 40 ಜನರಿಗೆ ಒಟ್ಟಿಗೆ ಕಳಿಸಿದರೆ ಮೇಲ್‌ಡಿರ್‌ನಲ್ಲಿ 40 ಪ್ರತಿ, ಬೇಸ್64 ಸೇರಿ 1 ಜಿಬಿಗೂ ಹೆಚ್ಚು. ಚಿಕ್ಕ ಸಂಸ್ಥೆಯ ಬ್ಯಾಕಪ್ ಇದನ್ನು ತಾಳುವುದಿಲ್ಲ. ಮೆಸೇಜ್_ಸೈಜ್_ಲಿಮಿಟ್ ಈಗ 36000000. ಜನರಿಗೆ ಹೇಳಿರುವ ಮಾತು "ಲಗತ್ತು 25 ಎಂಬಿ". ಅದಕ್ಕಿಂತ ದೊಡ್ಡದಕ್ಕೆ ಸರ್ವರಿನಲ್ಲೇ ಹಂಚುವ ಫೋಲ್ಡರ್ ಇದೆ, ಕೊಂಡಿ ಕಳಿಸುತ್ತಾರೆ. ವೆಬ್ ಸರ್ವರ್ ಮತ್ತು ಪಿಎಚ್‌ಪಿ ಎರಡಕ್ಕೂ 30 ಎಂಬಿ. ಪೋಸ್ಟ್‌ಫಿಕ್ಸ್‌ನ ಎರಡು ಮೇಲ್‌ಬಾಕ್ಸ್ ಮಿತಿಗಳೂ 0, ಒಟ್ಟು ಲೆಕ್ಕ ಡವ್‌ಕಾಟ್‌ನ ಕೈಯಲ್ಲಿ.

ಪರೀಕ್ಷೆಗೆ ಒಂದೇ ಫೈಲ್ ಸಾಲದು. 24 ಎಂಬಿಯದೊಂದು, 27 ಎಂಬಿಯದೊಂದು ಮಾಡಿಕೊಂಡು ಮೂರು ದಾರಿಯಲ್ಲೂ ಕಳಿಸಿ: ಥಂಡರ್‌ಬರ್ಡ್‌ನಿಂದ, ವೆಬ್‌ಮೇಲ್‌ನಿಂದ, ಹೊರಗಿನ ಖಾತೆಯಿಂದ ಒಳಗೆ. ಹೊರಗಿನ ಖಾತೆಗೆ ಅದರದೇ ಮಿತಿ ಇರುವುದರಿಂದ ಅಲ್ಲಿ ದೊಡ್ಡದು ಹೊರಡದೇ ಇರಬಹುದು; ಆಗ ಇನ್ನೊಂದು ಸರ್ವರಿನಿಂದ ಸ್ವಾಕ್ಸ್ ಎಂಬ ಸಾಧನ ಬಳಸಿ ಕಳಿಸಿ. ಚಿಕ್ಕದು ಮೇಲ್‌ಬಾಕ್ಸ್ ಮುಟ್ಟಿ ತೆರೆಯಬೇಕು, ದೊಡ್ಡದು ಥಂಡರ್‌ಬರ್ಡ್‌ನಲ್ಲಿ ಪರದೆಯ ಎಚ್ಚರಿಕೆಗೇ ನಿಲ್ಲಬೇಕು, ಉಳಿದೆಡೆ 552 5.3.4 ಎಂದು ಮರಳಬೇಕು. ಚಿಕ್ಕದರ ಲಾಗ್ ಸಾಲಿನಲ್ಲಿ "ಸೈಜ್" ಎದುರಿನ ಸಂಖ್ಯೆ ಓದಿ ನೋಡಿ, 3 ಕೋಟಿ 40 ಲಕ್ಷದ ಆಸುಪಾಸಿನಲ್ಲಿರುತ್ತದೆ. ನಾನು ಆ ಸಾಲನ್ನೇ ಮುದ್ರಿಸಿ, ಪಕ್ಕದಲ್ಲಿ ಮೂಲ ಫೈಲಿನ ಗಾತ್ರ ಬರೆದು ಮೇಡಂ ಅವರ ಮೇಜಿನ ಬಳಿ ಅಂಟಿಸಿದ್ದೇನೆ. ಈಗ ಫೈಲ್ ಹೋಗದಿದ್ದರೆ ಅವರೇ ಮೊದಲು ಗುಣಿಸಿ ನೋಡಿ, ಆಮೇಲೆ ಪರದೆಯ ಫೋಟೋ ಸಹಿತ ನನಗೆ ಕಳಿಸುತ್ತಾರೆ.